ಟ್ರಂಕಿನ ಕೀಲಿ

ಅಥಣಿ ತಾಲೂಕಿನ ಅನಂತಪುರದಿಂದ ಹುಡುಗನೊಬ್ಬ ಎಂ.ಎ. ಓದಲು ಹೊರಟರೆ ಮನೆಯಲ್ಲಿ ಪುಸ್ತಕದ ಚಿಂತೆ ಯಾರಿಗೂ ಇರುವುದಿಲ್ಲ. ಚಿಂತೆಯೆಲ್ಲ ರೊಟ್ಟಿಯದು. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬರುವ ಮುಂಚೆ ನಮ್ಮ ಕಡೆಯವರಿಗೆ ಎಂ.ಎ. ಅಂದರೆ ಧಾರವಾಡ. ಅಥಣಿಯಲ್ಲೋ ಮಿರಜದಲ್ಲೋ ಓದುವವರಾದರೆ ಬೆಳಗಿನ ಬಸ್ಸಿಗೆ ಬುತ್ತಿ ಹಾಕಿ ಕಳಿಸಬಹುದು. ಕಂಡಕ್ಟರ್ ಸಾಹೇಬರು ಡಬ್ಬಿಯನ್ನು ಸ್ಟ್ಯಾಂಡಿನಲ್ಲಿ ಇಳಿಸುತ್ತಾರೆ, ಮಗ ಹೋಗಿ ಎತ್ತಿಕೊಳ್ಳುತ್ತಾನೆ. ಧಾರವಾಡಕ್ಕೆ ಅದು ಸಾಗುವ ಮಾತಲ್ಲ. ಆದ್ದರಿಂದ ಟ್ರಂಕು ತುಂಬ ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. (ಬೇರೆ ಕಡೆಯವರು ಚಟ್ನಿಪುಡಿ ಎಂದುಕೊಳ್ಳಲಿ.) ಉಳಿದ ಜಾಗದಲ್ಲಿ ಎರಡು ಅಂಗಿ.

ಅಪ್ಪ ಟ್ರಂಕಿಗೆ ಕೀಲಿ ಜಡಿದು, "ಇದನ್ನ ಉಡದಾರಕ್ಕ ಕಟ್ಕೋ. ಹಾಸ್ಟೆಲ್ ಮಂದೀನ್ನ ನಂಬಬ್ಯಾಡ" ಅಂದಿದ್ದ. ಕಟ್ಟಿಕೊಂಡೆ. ಮೊದಲ ರಾತ್ರಿ ನಲ್ಲಿಯ ಹತ್ತಿರ ಮುಖ ತೊಳೆದು ಬರುವಷ್ಟರಲ್ಲಿ ಕೀಲಿ ಉಡದಾರದಲ್ಲೇ ಇತ್ತು, ಟ್ರಂಕು ಬಾಯಿ ತೆರೆದಿತ್ತು. ಸುತ್ತ ನಾಲ್ಕೈದು ಸೀನಿಯರುಗಳು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಒಬ್ಬ ತಲೆಯೆತ್ತಿ ನನ್ನನ್ನು ನೋಡಿ, ಬೀಗರನ್ನು ಕರೆಯುವ ಧಾಟಿಯಲ್ಲಿ, "ಬಾರೋ ತಮ್ಮಾ, ಊಟಕ್ಕ ಕುಂದರು, ಸಂಕೋಚ ಮಾಡ್ಕೋಬ್ಯಾಡ" ಅಂದ. ನನ್ನ ರೊಟ್ಟಿಯನ್ನು ನನಗೇ ಉಪಚಾರ ಮಾಡಿ ಬಡಿಸಿದರು. ಸಾಕೆಂದರೂ ಬಿಡಲಿಲ್ಲ. ಊಟವಾದ ಮೇಲೆ, "ಅಗಸಿ ಹಿಂಡಿಗೆ ಉಪ್ಪು ಒಂದೀಟು ಕಡಿಮಿ ಆಗೇತಿ, ಅವ್ವಗ ಹೇಳು" ಎಂಬ ಸೂಚನೆಯೂ ಬಂತು.

ಅಲ್ಲಿಂದ ಮುಂದೆ ಯಾರ ಟ್ರಂಕಿಗೆ ಯಾರು ಕೀಲಿ ಹಾಕಿದರೂ ಅದು ಬರೀ ಅಲಂಕಾರ. ಗೋಕಾಕದವನು ಬಂದರೆ ಕರದಂಟು, ಬೆಳಗಾವಿಯವನು ಬಂದರೆ ಕುಂದಾ. ಹೊನ್ನಾವರದವನೊಬ್ಬ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಹೊತ್ತು ಬಂದಿದ್ದ. ನಮ್ಮ ಗುರೆಳ್ಳು ಹಿಂಡಿಯನ್ನು ಅನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟು, ಒಂದು ಕೊಡ ನೀರು ಕುಡಿದು, "ಮಾರಾಯಾ, ಇದನ್ನು ನಿಮ್ಮಲ್ಲಿ ಮಕ್ಕಳಿಗೂ ಕೊಡುವುದಾ?" ಎಂದು ಕಣ್ಣೊರೆಸಿಕೊಂಡ. ಮರುದಿನ ಅದೇ ಹೊತ್ತಿಗೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

ನಮ್ಮದು ಡಿವೈಡಿಂಗ್ ಮೆಸ್. ತಿಂಗಳ ಖರ್ಚನ್ನೆಲ್ಲ ಕೂಡಿಸಿ ಉಂಡವರ ತಲೆಗೆ ಹಂಚುವ ಪದ್ಧತಿ. ಸಾಮಾನು ತರುವುದು, ಲೆಕ್ಕ ಬರೆಯುವುದು, ಬೈಸಿಕೊಳ್ಳುವುದು ಎಲ್ಲ ಹುಡುಗರೇ ಆರಿಸಿದ ಮೆಸ್ ಸೆಕ್ರೆಟರಿಯ ಪಾಲಿಗೆ. ರಾಜ್ಯಶಾಸ್ತ್ರದ ಮೇಷ್ಟ್ರು ಕಲಿಸದ ಪ್ರಜಾಪ್ರಭುತ್ವವನ್ನು ಬದನೆಕಾಯಿ ಕಲಿಸುತ್ತದೆ. ರೊಟ್ಟಿ ಪಕ್ಷ ಬಹುಮತದಲ್ಲಿತ್ತು, ಅನ್ನದ ಪಕ್ಷ ಅಲ್ಪಸಂಖ್ಯಾತ. ಆದರೆ ಅನ್ನದವರು ಒಗ್ಗಟ್ಟಿನವರು, ರೊಟ್ಟಿಯವರಲ್ಲಿ ಜೋಳ, ಸಜ್ಜಿ, ಚಪಾತಿ ಎಂದು ಮೂರು ಬಣ. ಹೀಗಾಗಿ ಮೂರು ಬಣ ಬಡಿದಾಡುವ ಹೊತ್ತಿಗೆ ಸೆಕ್ರೆಟರಿ ಗದ್ದುಗೆಗೆ ಅನ್ನದವನೇ ಏರುತ್ತಿದ್ದ.

ಈ ಜಗಳ, ಈ ಲೂಟಿ ಎಲ್ಲ ಇರಬಾರದೆಂದು ಹೇಳುವ ಸಭ್ಯರಿದ್ದಾರೆ. ನನಗೆ ಅವರ ಮಾತು ಒಪ್ಪಿಗೆಯಿಲ್ಲ. ಹಾಸ್ಟೆಲ್ಲಿನಲ್ಲಿ ಒಬ್ಬರಿಗೊಬ್ಬರು ಆಸರೆಯಾಗಬೇಕಾದರೆ ಮೊದಲು ಒಬ್ಬರಿಗೊಬ್ಬರು ಉಪದ್ರವ ಕೊಡುವ ಸಲಿಗೆ ಇರಬೇಕು. ಆ ಹೊನ್ನಾವರದವನು ಒಂದು ಸಂಜೆ ಹಿಂಡಿ ಕೇಳಲು ಬರಲಿಲ್ಲ. ಓದುತ್ತಿರಬಹುದೆಂದು ಯಾರಿಗೂ ಅನುಮಾನ ಬರಲಿಲ್ಲ, ಅಷ್ಟು ನಂಬಿಕೆ ಅವನ ಮೇಲೆ. ಹೋಗಿ ಬಾಗಿಲು ಬಡಿದರೆ ಕಂಬಳಿಯೊಳಗೆ ಜ್ವರದಿಂದ ಕುದಿಯುತ್ತಿದ್ದಾನೆ. ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ, ಹಿಂದಿನಿಂದ ಒಬ್ಬ ಹಿಡಿದುಕೊಂಡು, ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ಅವನನ್ನು ಬೈಯುತ್ತಿದ್ದವನು ಹಿಂದಿನ ವಾರವಷ್ಟೇ ಮೆಸ್ಸಿನ ಲೆಕ್ಕದಲ್ಲಿ ಅವನ ಅಂಗಿ ಹಿಡಿದವನು.

ಹಾಸ್ಟೆಲ್ ವಿಷಯದಲ್ಲಿ ನಮ್ಮ ಗಡಿಸೀಮೆ ಹಳೆಯ ಅನುಭವಿ. ಪಕ್ಕದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1901ರಿಂದಲೇ ಬೋರ್ಡಿಂಗುಗಳಿಗೆ ಕೈಯಿಟ್ಟರು. ಮರಾಠರದೊಂದು, ಜೈನರದೊಂದು, ಲಿಂಗಾಯತರದೊಂದು, ಮುಸ್ಲಿಮರದೊಂದು. ಹಳ್ಳಿ ಹುಡುಗರು ಶಾಲೆ ಕಂಡದ್ದೇ ಇವುಗಳಿಂದ. ಅಡುಗೆಮನೆ ಮಾತ್ರ ಜಾತಿಗೊಂದು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡ ಹುಡುಗರಿಗಾಗಿ ಮಿಸ್ ಕ್ಲಾರ್ಕ್ ಹಾಸ್ಟೆಲ್ ಶುರುವಾದಾಗ, ಜೈನ ಬೋರ್ಡಿಂಗಿನಲ್ಲಿದ್ದ ಕುಂಭೋಜದ ಭಾವೂರಾವ್ ಪಾಟೀಲ ಆ ಸಮಾರಂಭಕ್ಕೆ ಹೋಗಿಬಂದ. ಒಳಗೆ ಬರುವ ಮೊದಲು ಸ್ನಾನ ಮಾಡು ಎಂದರು ಬೋರ್ಡಿಂಗಿನವರು. ಆತ ಒಲ್ಲೆ ಎಂದ, ಬೋರ್ಡಿಂಗಿನಿಂದ ಹೊರಬಿದ್ದ. ಸ್ನಾನ ಮಾಡದವರನ್ನೆಲ್ಲ ಹೊರಹಾಕುವುದಾದರೆ ಡಿಸೆಂಬರ್ ತಿಂಗಳಲ್ಲಿ ನಮ್ಮ ಹಾಸ್ಟೆಲ್ಲಿನಲ್ಲಿ ರೆಕ್ಟರ್ ಒಬ್ಬರೇ ಉಳಿಯುತ್ತಿದ್ದರು. ಆದರೆ ನಮ್ಮದು ಬರೀ ಚಳಿ, ಆತನದು ಹಟ. ಅದೇ ಹಟದಿಂದ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ, ಮುಂದೆ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರನ್ನು ಒಂದೇ ಬೋರ್ಡಿಂಗಿನಲ್ಲಿ, ಒಂದೇ ಒಲೆಯ ಮುಂದೆ ಕೂರಿಸಿದ. ಅಲ್ಲಿಯೂ ಉಪ್ಪು ಕಡಿಮೆಯೆಂದು ಜಗಳ ಆಗಿಯೇ ಇರಬೇಕು. ಜಾತಿ ಬಿಟ್ಟು ಉಪ್ಪಿಗೆ ಜಗಳಾಡುವಂತಾದರೆ ಅದೇನು ಸಣ್ಣ ಪ್ರಗತಿಯೇ?

ಈಗ ನಮ್ಮ ಅಣ್ಣನ ಮಗ ಬೆಳಗಾವಿಯಲ್ಲಿ ಹಾಸ್ಟೆಲ್ ಸೇರಿದ್ದಾನೆ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮದ ಪ್ರಕಾರ ಹುಡುಗನೂ ಪಾಲಕನೂ ಮುಚ್ಚಳಿಕೆ ಬರೆದುಕೊಡಬೇಕು. ನಿಯಮ ಬೇಕೇ ಬೇಕು, ರ‍್ಯಾಗಿಂಗಿಗೆ ಜೀವ ತೆತ್ತ ಮಕ್ಕಳಿದ್ದಾರೆ. ಆದರೆ ಮಗ ಯಾರಿಗೂ ತ್ರಾಸು ಕೊಡುವುದಿಲ್ಲವೆಂದು ಸಹಿ ಹಾಕುವಾಗ ಅಣ್ಣನ ಕೈ ನಡುಗಿತು. "ಊರಾಗ ಇಂವಾ ಒಂದು ನಾಯೀನೂ ಸುಮ್ನ ಬಿಟ್ಟಿಲ್ಲಲೇ" ಎಂದು ನನ್ನ ಕಿವಿಯಲ್ಲಿ ಅಂದ. ಹುಡುಗನ ಗೆಳೆಯನಿಗೆ ಹಾಸ್ಟೆಲ್ ಸಿಗದೆ, ಊಟ-ವಸತಿಗೆಂದು ಸರ್ಕಾರ ಕೊಡುವ ವಿದ್ಯಾಸಿರಿಯ ಹಣ ಸಿಕ್ಕಿದೆ, ವರ್ಷಕ್ಕೆ 10 ತಿಂಗಳು. ಉಳಿದ ಎರಡು ತಿಂಗಳು ಹೊಟ್ಟೆಗೂ ಸೂಟಿ. ಅವನು ಊಟದ ಹೊತ್ತಿಗೆ ಸರಿಯಾಗಿ ಇವನ ರೂಮಿಗೆ ನೋಟ್ಸು ಕೇಳಲು ಬರುತ್ತಾನಂತೆ. ಬರಲಿ.

ಮೊದಲ ತಿಂಗಳು ಹುಡುಗ ಫೋನಿನಲ್ಲಿ, "ಇಲ್ಲಿ ಎಲ್ಲಾರೂ ಭಾಳ ಚಲೋ ಅದಾರ ಕಾಕಾ, ಯಾರೂ ಯಾರ ಗೋಜಿಗೂ ಹೋಗೂದಿಲ್ಲ" ಅಂದಾಗ ನನಗೆ ನಿದ್ದೆ ಬರಲಿಲ್ಲ. ವೈನಿಗೆ ಹೇಳಿ ಎರಡರಷ್ಟು ಶೇಂಗಾ ಹಿಂಡಿ ಕುಟ್ಟಿಸಿ ಕಳಿಸಿದೆ. ಮೊನ್ನೆ ಮತ್ತೆ ಫೋನ್ ಬಂತು. ಮೆಸ್ ಸೆಕ್ರೆಟರಿ ಎಲೆಕ್ಷನ್ನಿಗೆ ನಿಂತು ಸೋತಿದ್ದಾನೆ.

"ಅನ್ನದವ್ರ ವೋಟ್ ಪೂರಾ ಆ ಕಡೆ ಹೋತು ಕಾಕಾ."

"ಹಿಂಡಿ ಹಂಚಿದ್ಯೋ ಇಲ್ಲೋ?"

"ಹಂಚೀನಿ. ಗೆದ್ದ ಮ್ಯಾಲೆ ಹಂಚೂಣು ಅಂತ ಇಟ್ಟಿದ್ದೆ, ಸೋತೆ. ಹಾಳಾಗ್ತೈತಂತ ಆಮ್ಯಾಲೆ ಹಂಚಿದೆ."

"ಹುಚ್ಚಾ, ಮೊದಲ ಹಂಚಬೇಕು."

"ಈಗ ದಿನಾ ಬರ್ತಾರ ಕಾಕಾ. ಗೆದ್ದಾಂವನೂ ಬರ್ತಾನ. ಡಬ್ಬಿ ಬಳದು ನಕ್ಕೀರಿ ಅಂತ ಬೈದೆ, ನಿನ್ನಿ ನನ್ನ ಅಸೈನ್‌ಮೆಂಟ್ ಬರದುಕೊಟ್ಟು ಹೋಗ್ಯಾನ. ಇನ್ನೊಂದು ಕಿಲೋ ಕಳಸ್ರಿ. ಗುರೆಳ್ಳುದೂ ಇರಲಿ."