ತಟ್ಟೆಯೇ ಸ್ಟಿಯರಿಂಗು, ಲಟ್ಟಣಿಗೆಯೇ ಗೇರು

ರಾಯರು ಇಟಲಿಗೆ ಹೊರಡಬೇಕಿದ್ದದ್ದು ಸೆಪ್ಟೆಂಬರಿನಲ್ಲಿ. ಆದರೆ ಇಟಲಿಯಲ್ಲಿ ಕಾರು ಓಡಿಸಲು ಶುರುಮಾಡಿದ್ದು ಯುಗಾದಿಗೂ ಮೊದಲೇ, ಜಯನಗರದ ಮನೆಯ ಹಾಲ್‌ನಲ್ಲಿ. ಎರಡು ಕುರ್ಚಿ ಅಕ್ಕಪಕ್ಕ ಹಾಕಿ, ಎಡಗಡೆಯದರಲ್ಲಿ ತಾವು ಕೂತು, ಬಲಗಡೆಯದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು, ಎಡಗೈಯಲ್ಲಿ ಸ್ಟೀಲ್ ತಟ್ಟೆ ಹಿಡಿದು ಬಲಗೈಯಲ್ಲಿ ಲಟ್ಟಣಿಗೆ ಅಲ್ಲಾಡಿಸುತ್ತಿದ್ದರು. ತಟ್ಟೆ ಸ್ಟಿಯರಿಂಗು, ಲಟ್ಟಣಿಗೆ ಗೇರು. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಡ್ರೈವರ್ ಕೂರುವುದು ಎಡಕ್ಕೆ. ಜೀವಮಾನವೆಲ್ಲ ಎಡಗೈಯಲ್ಲಿ ಗೇರು ಹಾಕಿದವರ ಕೈ ಅಲ್ಲಿ ಹೋಗಿ ಬಡಿಯುವುದು ಬಾಗಿಲಿಗೆ. ‘ರೀ, ಚಪಾತಿ ಹಿಟ್ಟು ಒಣಗ್ತಾ ಇದೆ, ಆ ಗೇರು ಇತ್ಲಾಗೆ ಕೊಡಿ’ ಎಂದು ಹೆಂಡತಿ ಕೇಳಿದರೆ, ‘ತಾಳೇ, ಈಗ ತಾನೆ ಸಿಯೆನಾ ದಾಟಿದೀವಿ’ ಎಂದರಂತೆ.

ಇಂಥ ರಾಯರು ಪ್ರತಿ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ಬ್ಯಾಂಕಿನಿಂದಲೋ ಸರ್ಕಾರಿ ಕಾರ್ಖಾನೆಯಿಂದಲೋ ನಿವೃತ್ತರಾದವರು, ಮಕ್ಕಳು ಹೊರದೇಶದಲ್ಲಿರುವವರು, ರೈಲು ಹೊರಡುವ ಎರಡು ಗಂಟೆ ಮುಂಚೆಯೇ ಪ್ಲಾಟ್‌ಫಾರಂ ಬೆಂಚಿನ ಮೇಲೆ ಟಿಕೆಟ್ ಹಿಡಿದು ಕೂರುವವರು. ನಮ್ಮ ರಾಯರು ಬ್ಯಾಂಕಿನವರು, ಮಗಳು ಮಿಲಾನಿನಲ್ಲಿ. ‘ಅಪ್ಪಾ, ಕಾರ್ಯಾಕೆ? ರೈಲಲ್ಲಿ ಫ್ಲಾರೆನ್ಸಿಗೆ ಎರಡೇ ಗಂಟೆ’ ಎಂದು ಅವಳು ಹೇಳಿದ್ದೇ ತಪ್ಪಾಯಿತು. ‘ಮೋಟಾರಿಗೆ ಅಂತಲೇ 1924ರಲ್ಲಿ ಮಿಲಾನಿಂದ ಹೆದ್ದಾರಿ ಕಟ್ಟಿದ ಜನ ಕಣಮ್ಮ ಅವರು. ಅಲ್ಲಿಗೆ ಬಂದು ರೈಲಲ್ಲಿ ಹೋಗೋದಾ?’

ರೈಲಿಗೆ ಅಷ್ಟೊಂದು ಸಿದ್ಧತೆ ಬೇಕಿಲ್ಲ ಎನ್ನುವುದೇ ರಾಯರ ನಿಜವಾದ ತಕರಾರು ಎಂದು ನನ್ನ ಗುಮಾನಿ.

ಮೊದಲ ವಿಘ್ನ ಬಂದದ್ದು ಕ್ರೆಡಿಟ್ ಕಾರ್ಡಿನಿಂದ. ಬಾಡಿಗೆ ಕಾರಿನವರಿಗೆ ಸಾಮಾನ್ಯವಾಗಿ ಓಡಿಸುವವರ ಹೆಸರಿನ ಕಾರ್ಡೇ ಆಗಬೇಕು, ಠೇವಣಿ ಹಣವನ್ನು ಅದರಲ್ಲಿ ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡೆಂದರೆ ಸಂಸಾರ ಮುಳುಗಿಸುವ ವಸ್ತು ಎಂದು ಸರ್ವಿಸ್ ಪೂರ್ತಿ ಉಪದೇಶ ಮಾಡಿದ್ದ ರಾಯರ ಬಳಿ ಅದೆಲ್ಲಿಂದ ಬರಬೇಕು? ಅರ್ಜಿ ಹಾಕಿದರೆ ಸಂಬಳದ ಸ್ಲಿಪ್ ಕೇಳಿದರು. ಕೊನೆಗೆ ತಮ್ಮದೇ ಫಿಕ್ಸೆಡ್ ಡಿಪಾಸಿಟ್ಟನ್ನು ಆಧಾರವಾಗಿ ಕೊಟ್ಟು, ಮಗಳಿಗಿಂತ ಚಿಕ್ಕ ವಯಸ್ಸಿನ ಆಫೀಸರನ ಎದುರು ಕೂತು, ಆತ ‘ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ’ ಎಂದು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬಂದರು. ಸಾಲಗಾರರಿಂದ ತಾವು ಸಹಿ ಹಾಕಿಸುತ್ತಿದ್ದದ್ದೂ ಹೀಗೆಯೇ.

ಬಾಡಿಗೆ ಕರಾರನ್ನು ಮಾತ್ರ ಭೂತಗನ್ನಡಿ ಹಿಡಿದು ಓದಿದರು. ಅಪಘಾತದ ನಷ್ಟ ಮನ್ನಾ ಎಂದು ಮೇಲೆ ದಪ್ಪಕ್ಷರ, ಒಂದು ಮಿತಿಯವರೆಗಿನ ನಷ್ಟ ನಿಮ್ಮದೇ ಎಂದು ಕೆಳಗೆ ಸಣ್ಣಕ್ಷರ. ಟೈರು, ಗಾಜು, ಗಾಡಿಯ ತಳ ಇವಕ್ಕೆ ಬೇರೆ ದುಡ್ಡು ಕಟ್ಟದಿದ್ದರೆ ಮನ್ನಾ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು. ರಾಯರು ಕನ್ನಡಕ ತೆಗೆದು, ‘ಎಷ್ಟು ಚೆನ್ನಾಗಿ ಬರೆದಿದಾರೆ ನೋಡಿ’ ಎಂದು ಮೆಚ್ಚಿಕೊಂಡರು.

ವೀಸಾ ಬಂದ ವಾರವೇ ಆರ್‌ಟಿಓ ಕಚೇರಿಗೆ ಹೋಗಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ತಂದರು. 1949ರ ಜಿನೀವಾ ಒಪ್ಪಂದದಂತೆ ಕೊಡುವ ಪುಸ್ತಿಕೆ. ಶುಲ್ಕ 1000 ರೂಪಾಯಿ, ಬಾಳಿಕೆ ಒಂದು ವರ್ಷ, ಜೊತೆಗೆ ಇಲ್ಲಿನ ಲೈಸೆನ್ಸೂ ಇರಬೇಕು. ಹೆಂಡತಿ ಅದನ್ನು ದೇವರ ಮುಂದಿಟ್ಟು, ಫೋಟೋದಲ್ಲಿದ್ದ ರಾಯರ ಹಣೆಗೇ ಕುಂಕುಮ ಇಟ್ಟರು. ಒರೆಸಿದರೆ ಮುಖವೂ ಹೋದೀತೆಂದು ಹಾಗೇ ಬಿಟ್ಟಿದ್ದಾರೆ.

ಇಷ್ಟೂ ಮನೆಯೊಳಗಿನ ಮಾತಾಯಿತು. ಅಭ್ಯಾಸ ರಸ್ತೆಗೆ ಇಳಿದಾಗ ಬಡಾವಣೆಗೆ ಕಷ್ಟ ಶುರುವಾಯಿತು. ಸರ್ಕಲ್ಲಿನೊಳಗೆ ಆಗಲೇ ಸುತ್ತುತ್ತಿರುವ ಗಾಡಿಗೆ ಮೊದಲು ದಾರಿ ಬಿಟ್ಟು ಆಮೇಲೆ ನುಗ್ಗಬೇಕು ಎಂದು ಇಟಲಿಯವರ ನಿಯಮ ಓದಿಕೊಂಡು (ನಮ್ಮ ನಿಯಮವೂ ಅದೇ, ಆ ಮಾತು ಬೇರೆ), ಒಂದು ಬೆಳಿಗ್ಗೆ ರಾಯರು ನಮ್ಮ ಸರ್ಕಲ್ಲಿನ ಅಂಚಿನಲ್ಲಿ ಕಾರು ನಿಲ್ಲಿಸಿದರು. ಒಳಗಿದ್ದವರಿಗೆ ದಾರಿ ಬಿಟ್ಟರು. ಆಟೋ ಹೋಯಿತು, ಸ್ಕೂಲ್ ವ್ಯಾನ್ ಹೋಯಿತು, ನೀರಿನ ಟ್ಯಾಂಕರ್ ಎರಡು ಸಲ ಹೋಯಿತು. ಹಿಂದಿನ ಹಾರ್ನುಗಳ ಮೇಳ ತಾರಕಕ್ಕೇರಿದರೂ ಸರ್ಕಲ್ ಖಾಲಿಯಾಗಲಿಲ್ಲ. ತರಕಾರಿಗೆ ಹೋಗಿದ್ದ ನಾನು ಚೀಲ ತುಂಬಿಸಿಕೊಂಡು ಮರಳುವಾಗಲೂ ಅವರು ಇಟಲಿಯಲ್ಲೇ ಇದ್ದರು. ಜೀಬ್ರಾ ಪಟ್ಟೆಯ ಮುಂದೆ ನಿಲ್ಲಿಸಿ ‘ದಾಟಿ’ ಎಂದು ಕೈ ತೋರಿಸಿದಾಗ ಯಾರೂ ದಾಟಲಿಲ್ಲ. ಇದರಲ್ಲೇನೋ ಮೋಸವಿದೆ ಎಂದು ಎಲ್ಲರೂ ಹಿಂದೆ ಸರಿದರು. ಹೂವಿನವಳು ಮಾತ್ರ ಕಿಟಕಿಗೆ ಬಂದು ‘ಎಷ್ಟು ಮೊಳ ಸ್ವಾಮಿ?’ ಎಂದಳು. ನಿಲ್ಲಿಸಿದ ಮರ್ಯಾದೆಗೆ ರಾಯರು ಎರಡು ಮೊಳ ಕೊಂಡರು.

ಆದರೆ ಅವರ ನಿದ್ದೆ ಕೆಡಿಸಿದ್ದು ಝಡ್‌ಟಿಎಲ್. ಫ್ಲಾರೆನ್ಸಿನಂಥ ಹಳೆಯ ಊರುಗಳ ನಡುಭಾಗಕ್ಕೆ ನಿಗದಿತ ಹೊತ್ತಿನಲ್ಲಿ ಅನುಮತಿಯಿಲ್ಲದ ಗಾಡಿ ನುಗ್ಗುವಂತಿಲ್ಲ. ಸಾಮಾನ್ಯವಾಗಿ ಗೇಟಿಲ್ಲ, ಸೀಟಿ ಊದುವವರಿಲ್ಲ. ಒಂದು ಬೋರ್ಡು, ಒಂದು ಕ್ಯಾಮೆರಾ. ನಂಬರ್ ಪ್ಲೇಟಿನ ಫೋಟೋ ಹಿಡಿದು, ಬಾಡಿಗೆ ಕಂಪನಿಯಿಂದ ವಿಳಾಸ ಪಡೆದು, ದಂಡದ ನೋಟಿಸನ್ನು ಮನೆಗೇ ಕಳಿಸುತ್ತಾರೆ. ವಿಳಾಸ ಕೊಟ್ಟ ಶ್ರಮಕ್ಕೆ ಕಂಪನಿಯವರು ಕಾರ್ಡಿನಿಂದ ಬೇರೆ ಹಣ ಎಳೆದುಕೊಳ್ಳುತ್ತಾರೆ. ನಿಂತು ಮಾತಾಡಿ ಬಗೆಹರಿಸಿಕೊಳ್ಳಲು ಎದುರಿಗೆ ಮನುಷ್ಯನೇ ಇಲ್ಲವೆನ್ನುವುದು ಬೆಂಗಳೂರಿನವರಿಗೆ ದೊಡ್ಡ ಆಘಾತ. ರಾಯರು ಊರೂರಿನ ನಕ್ಷೆ ಪ್ರಿಂಟ್ ತೆಗೆಸಿ ಆ ಭಾಗಗಳಿಗೆಲ್ಲ ಕೆಂಪು ಬಳಿದರು. ಪಾರ್ಕಿಂಗಿನ ಗೆರೆಗೂ ಒಂದು ಹಾಳೆ: ಬಿಳಿ ಪುಕ್ಕಟೆ, ನೀಲಿ ಕಾಸು, ಹಳದಿ ಬೇರೆಯವರದು. ವೇಗಕ್ಕೊಂದು ಹಾಳೆ: ಹೆದ್ದಾರಿಯಲ್ಲಿ 130, ಮಳೆಯಿದ್ದರೆ 110, ಊರೊಳಗೆ 50. ಫೈಲು ಪಾಸ್‌ಪೋರ್ಟಿಗಿಂತ ಭಾರವಾಯಿತು, ಆಮೇಲೆ ಉಪ್ಪಿನಕಾಯಿ ಡಬ್ಬಿಗಿಂತಲೂ.

ಹೋದರು, ಓಡಿಸಿದರು, ಗೀರೂ ಇಲ್ಲದೆ ಕಾರು ಒಪ್ಪಿಸಿದರು. ಲಟ್ಟಣಿಗೆಯ ಸಾಧನೆ ಸಾರ್ಥಕವಾಯಿತು; ಗೇರು ಒಮ್ಮೆಯೂ ತಪ್ಪಲಿಲ್ಲವಂತೆ. ಆದರೆ ರಾಯರ ಮಾರುತಿಯಲ್ಲಿ ಇಂಡಿಕೇಟರ್ ಇರುವುದು ಬಲಗೈಗೆ, ಅಲ್ಲಿನ ಕಾರಿನಲ್ಲಿ ಎಡಗೈಗೆ. ಟಸ್ಕನಿಯ ಉರಿಬಿಸಿಲಿನಲ್ಲಿ ತಿರುವು ಬಂದಾಗಲೆಲ್ಲ ವೈಪರ್ ಆಡಿತು ಎಂದು ಅವರ ಹೆಂಡತಿ ಎಲ್ಲರಿಗೂ ಹೇಳುತ್ತಿದ್ದಾರೆ. ತಟ್ಟೆಗೆ ಇಂಡಿಕೇಟರ್ ಇರಲಿಲ್ಲವಲ್ಲ!

ವಿದೇಶದಲ್ಲಿರುವವರಿಗೆ ದಂಡದ ನೋಟಿಸು ಕಳಿಸಲು ಇಟಲಿಯ ಕಾನೂನು ಕೊಟ್ಟಿರುವ ಗಡುವು 360 ದಿನ. ಅದು ಮುಗಿಯುವವರೆಗೆ ರಾಯರು ಊರು ಬಿಡುವುದಿಲ್ಲವಂತೆ, ಆದ್ದರಿಂದ ಮನೆಯಲ್ಲೇ ಸಿಗುತ್ತಾರೆ. ನೀವು ಇಟಲಿಗೆ ಹೊರಟವರಾದರೆ ಹೋಗಿ ಕಾಣಿ. ಫೈಲು ಧಾರಾಳವಾಗಿ ಕೊಡುತ್ತಾರೆ; ಜೆರಾಕ್ಸ್ ಖರ್ಚು ನಿಮ್ಮದು.