ಬಾಧಿತರು: ಒಬ್ಬರು

ಮಾನ್ಯ ಸಹಾಯವಾಣಿ ಮುಖ್ಯಸ್ಥರಿಗೆ, ತೆಂಗಿನಗುಂಡಿ ಬಂದರಿನಿಂದ ನಮಸ್ಕಾರ.

ಇಲಾಖೆಯ ಹೆಸರು ಬರೆದು ತಮಗೆ ಮುಜುಗರ ಮಾಡುವುದಿಲ್ಲ. ಪಡಿತರ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಮಲಗಿದೆ ಎಂದು ದೂರು ಕೊಟ್ಟ ಕೂಡಲೇ ಟಿಕೆಟ್ ಸಂಖ್ಯೆ ಕಳಿಸಿದಿರಿ, ಸಂತೋಷ. ಕೆಳಗೆ ಹೀಗಿತ್ತು: ಬಾಧಿತರು ಒಬ್ಬರು, ತುರ್ತು ಕಡಿಮೆ, ಆದ್ಯತೆ ನಾಲ್ಕು. ಲೆಕ್ಕ ಸರಿಯೇ ಇದೆ. ಕೆಟ್ಟದ್ದು ಒಂದು ಯಂತ್ರ, ಅದಕ್ಕೆ ಲಾಗಿನ್ ಆದವರು ಅಂಗಡಿಯವರೊಬ್ಬರೇ. ಚೀಲ ಹಿಡಿದು ರಸ್ತೆಯವರೆಗೆ ನಿಂತವರು ಯಾರೂ ಲಾಗಿನ್ ಆಗಿರಲಿಲ್ಲವಲ್ಲ! ಅದೇ ದಿನ ಮೇಲಿನ ಸಾಹೇಬರ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡು, ಅದಕ್ಕೆ ಆದ್ಯತೆ ಒಂದು ಸಿಕ್ಕಿತಂತೆ. ಕಾಗದ ಸುರಕ್ಷಿತವಾಗಿ ಹೊರಬಂತೆಂದು ಕೇಳಿ ನಮಗೂ ಸಮಾಧಾನ.

ಯಂತ್ರ ಎದ್ದಿರುವಾಗಿನ ಕಥೆಯೂ ಇದೆ. ಬಲೆಯ ಹಗ್ಗ ಎಳೆದೆಳೆದು ಗೆರೆ ಸವೆದ ಹೆಬ್ಬೆರಳನ್ನು ಲುಂಗಿಗೆ ಒರೆಸಿ ಒತ್ತಿದರೂ ಎಷ್ಟೋ ಸಲ ಅದಕ್ಕೆ ಗುರುತು ಹತ್ತುವುದಿಲ್ಲ. ಆ ಟಿಕೆಟ್ ಯಾರ ಮೇಲೆ ಹಾಕಬೇಕು, ಸಮುದ್ರದ ಮೇಲೆಯೇ?

ತಮ್ಮ ಆದ್ಯತೆ ಕೋಷ್ಟಕದ ಮೂಲ ನಮಗೂ ಗೊತ್ತು. 1980ರ ದಶಕದ ಕೊನೆಗೆ ಬ್ರಿಟನ್ ಸರ್ಕಾರ ಬರೆಸತೊಡಗಿದ, ಐಟಿ ಸೇವೆ ನಡೆಸುವ ಬಗೆಯ ಐಟಿಐಎಲ್ ಪುಸ್ತಕಗಳ ಸಂತಾನವದು. ಎಷ್ಟು ಕೆಲಸ ನಿಂತಿತು ಎಂಬುದು ಪರಿಣಾಮ, ಎಷ್ಟು ಹೊತ್ತು ತಡೆದೀತು ಎಂಬುದು ತುರ್ತು, ಎರಡನ್ನೂ ಕೂಡಿಸಿ ನೋಡಿದರೆ ಆದ್ಯತೆ. ಕೂಗಿದವರ ಹುದ್ದೆಗೆ ಅದರಲ್ಲಿ ಕಾಲಂ ಇಲ್ಲ. ಅದನ್ನು ಸೇರಿಸಿದವರು ತಾವೇ ಇರಬೇಕು.

ನಮ್ಮಲ್ಲಿ ಪುಸ್ತಕವಿಲ್ಲ. ಕಡಲಲ್ಲಿ ಎಂಜಿನ್ ಕೆಟ್ಟರೆ ಹತ್ತಿರದ ಬೋಟಿನವರು ಬಲೆ ಎತ್ತಿ, ಹಗ್ಗ ಕಟ್ಟಿ ಎಳೆದು ತರುತ್ತಾರೆ. ಮಾಲೀಕ ಯಾರೆಂಬ ಮಾತು ದಡಕ್ಕೆ ಬಂದ ಮೇಲೆ. ಬಣ್ಣ ಎದ್ದಿದ್ದರೆ ಮಳೆಗಾಲಕ್ಕೆ ನೋಡಿದರಾಯಿತು. ಹರಿದ ಬಲೆಯದು ಮಾತ್ರ ಬೇರೆ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಜೂನ್ ಮೊದಲ ವಾರ ಆ ಬಲೆ ಮೂಲೆಯಲ್ಲಿ ಬಿದ್ದಿರುತ್ತದೆ. ಜುಲೈ 30ಕ್ಕೆ ಮನೆಮಂದಿಯೆಲ್ಲ ಅದರ ಸುತ್ತ ಕೂತಿರುತ್ತಾರೆ. ತೂತು ಅದೇ, ತಾರೀಕು ಬೇರೆ. ಅಕ್ಕಿಯದು ಉಲ್ಟಾ: ದುಡಿಮೆಯಿಲ್ಲದ ಆ ಎರಡು ತಿಂಗಳಲ್ಲೇ ಅದರ ತುರ್ತು, ಅದರಲ್ಲೂ ತಿಂಗಳ ಕೊನೆಯ ವಾರದಲ್ಲಿ. ತಮ್ಮ ಫಾರಮ್ಮಿಗೆ ಕ್ಯಾಲೆಂಡರ್ ನೋಡುವ ಅಭ್ಯಾಸವಿಲ್ಲ.

ಆದ್ದರಿಂದ ಇನ್ನು ಮೇಲೆ ಯಂತ್ರ ಬಿಟ್ಟು ಚೀಲ ಎಣಿಸಿ. ಪ್ರಿಂಟರಿಗೆ 'ಆದ್ಯತೆ ಸೊನ್ನೆ' ಎಂಬ ಹೊಸ ದರ್ಜೆ ಮಾಡಿ, ಅದು ಒಂದಕ್ಕಿಂತ ಮೇಲೆಂದು ಸಾಹೇಬರಿಗೆ ಹೇಳಿಬಿಡಿ, ಯಾರಿಗೂ ಬೇಸರವಾಗದು. ಉತ್ತರ ಜುಲೈ 31ರೊಳಗೆ ಬರಲಿ. ಆಮೇಲೆ ಕರೆ ಮಾಡಿದರೆ ನಾವು ವ್ಯಾಪ್ತಿ ಪ್ರದೇಶದ ಹೊರಗಿರುತ್ತೇವೆ.

ಇತಿ,
ಲಾಗಿನ್ ಆಗದವರ ಪೈಕಿ ಒಬ್ಬ