ಒಂದನೇ ತರಗತಿಗೆ ಅಪ್ಪನ ಅರ್ಜಿ

ನಮ್ಮೂರಿನಲ್ಲಿ ಇರುವುದು ಒಂದೇ ಶಾಲೆ. ಅದನ್ನು ಆರಿಸಲು ನನಗೆ ಒಂದು ಸುಗ್ಗಿ ಪೂರ್ತಿ ಬೇಕಾಯಿತು.

ಕಂಪನಿಯವರು ಮನೆಯಿಂದಲೇ ಕೆಲಸ ಮಾಡಬಹುದು ಅಂದದ್ದೇ ತಡ, ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ತಿಪಟೂರು ಸೀಮೆಯ ನಮ್ಮ ಹಳ್ಳಿಗೆ ಹೆಂಡತಿ ಮಗಳ ಸಮೇತ ಬಂದು ಕೂತವನು ನಾನು. ಊರವರ ಲೆಕ್ಕದಲ್ಲಿ ಕೆಲಸ ಕಳಕೊಂಡವನು. ಪುಟ್ಟಿಗೆ ಒಂದನೇ ತರಗತಿಯ ವಯಸ್ಸು ಹತ್ತಿರವಾಗುತ್ತಿದ್ದಂತೆ ನನ್ನೊಳಗಿನ ಪ್ರಾಜೆಕ್ಟ್ ಮ್ಯಾನೇಜರು ಎದ್ದು ಕೂತ. ಬೆಂಗಳೂರಿನ ಸಹೋದ್ಯೋಗಿಗಳು ಮಕ್ಕಳ ಸೀಟಿಗೆ ಪಟ್ಟ ಪಾಡನ್ನು ವರ್ಷಗಟ್ಟಲೆ ಕೇಳಿದ್ದೇನೆ. ಅರ್ಜಿಗೆ ಬೆಳಗಿನ ಜಾವದಿಂದ ಕ್ಯೂ, ಅಪ್ಪ ಅಮ್ಮ ಇಬ್ಬರಿಗೂ ಸಂದರ್ಶನ, ಮೇಲೆ ಡೊನೇಷನ್ನು. ಇಷ್ಟು ಕಷ್ಟವೂ ಇಲ್ಲದೆ ನನ್ನ ಮಗಳು ಶಾಲೆ ಸೇರಿಬಿಟ್ಟರೆ ನಾಳೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನನಗೇನು ಉಳಿಯಿತು?

ಎಕ್ಸೆಲ್ ಹಾಳೆ ತೆರೆದೆ. ಊರಿನ ಸರ್ಕಾರಿ ಶಾಲೆ ಒಂದು ಸಾಲು. ಅರಳಿಕಟ್ಟೆಗೆ ಹಳದಿ ವ್ಯಾನು ಕಳಿಸುವ ಪೇಟೆಯ ಕಾನ್ವೆಂಟು ಒಂದು ಸಾಲು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡಿನಲ್ಲಿ ಇಟ್ಟುಕೊಂಡಿರುವ ಹೋಬಳಿಯ ಕರ್ನಾಟಕ ಪಬ್ಲಿಕ್ ಶಾಲೆ ಮೂರನೆಯದು. ಬಸ್ಸಿನ ಹೊತ್ತು ಹೊಂದದೆ ಅದು ಮೊದಲ ದಿನವೇ ಬಿದ್ದುಹೋಯಿತು. ಮಾಧ್ಯಮ, ಮೈದಾನ, ಶೌಚಾಲಯ, ದೂರ, ಶಿಕ್ಷಕರ ವಿದ್ಯಾರ್ಹತೆ, ಎಲ್ಲಕ್ಕೂ ಅಂಕ, ಅಂಕಕ್ಕೆ ಬಣ್ಣ. ಹೆಂಡತಿ ಹಿಂದಿನಿಂದ ಇಣುಕಿ ನೋಡಿ, "ರೀ, ಇದರಲ್ಲಿ ಪುಟ್ಟಿಯ ಕಾಲಂ ಎಲ್ಲಿದೆ?" ಅಂದಳು. ಹೆಂಗಸರಿಗೆ ದತ್ತಾಂಶದ ಮಹತ್ವ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮನಸ್ಸಿನಲ್ಲೇ.

ಸಂಶೋಧನೆ ಶುರುವಾದದ್ದು ಬೋರ್ಡಿನಿಂದ. 'ಸ.ಕಿ.ಪ್ರಾ. ಶಾಲೆ' ಎಂಬ ಆ ಹಳದಿ ಬೋರ್ಡಿನ ಕೆಳಗೆ ಐದು ವರ್ಷ ಓಡಾಡಿಯೂ ನಡುವಿನ 'ಕಿ' ಏನೆಂದು ನಾನು ಕೇಳಿದವನಲ್ಲ. ಕಿರಿಯ ಪ್ರಾಥಮಿಕ ಎಂದರೆ ಒಂದರಿಂದ ಐದು. ಹಿರಿಯ ಪ್ರಾಥಮಿಕವಾದರೆ ಏಳು, ಕೆಲವು ಕಡೆ ಎಂಟರವರೆಗೆ. ಅಂದರೆ ಆರನೇ ತರಗತಿಗೆ ಪುಟ್ಟಿ ಪಕ್ಕದ ಊರಿಗೆ ಹೋಗಬೇಕು. 'ಅಪಾಯ' ಎಂದು ಬರೆದು ಕೆಂಪು ಬಣ್ಣ ಕೊಟ್ಟೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡು, "ಆರನೇ ಕ್ಲಾಸಿಗೆ ಇನ್ನೂ ಐದ್ ವರ್ಷ ಐತೆ ಕಣಪ್ಪ. ಅಷ್ಟರಲ್ಲಿ ನೀನು ಇನ್ಯಾವ ಊರಲ್ಲಿರ್ತೀಯೋ" ಅಂದರು.

ಆಮೇಲೆ ವಯಸ್ಸು. ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿ, ಪೋಷಕರ ಗಲಾಟೆ ನೋಡಿ ಅದನ್ನು 2025-26ಕ್ಕೆ ಮುಂದೂಡಿತ್ತು. ನಾವು ಕಾಲಿಟ್ಟದ್ದು ಸರಿಯಾಗಿ ಆ ವರ್ಷಕ್ಕೆ. ಪುಟ್ಟಿ ಹುಟ್ಟಿದ್ದು ಜೂನ್ ಎರಡನೇ ವಾರ. ಕೆಲವೇ ದಿನಗಳಲ್ಲಿ ಒಂದು ವರ್ಷ ಹೋಯಿತು! "ಹತ್ತು ದಿನ ಮುಂಚೆ ಆಗಿದ್ದರೆ ಚೆನ್ನಾಗಿತ್ತು" ಎಂದು ಹೆಂಡತಿಯ ಹತ್ತಿರ ಹೇಳಿ ನೋಡಿದೆ. ಅವತ್ತು ರಾತ್ರಿ ನನಗೆ ಊಟಕ್ಕೆ ಬಡಿಸಿದ್ದು ಅಮ್ಮ.

ಬಡಿಸುತ್ತಲೇ ಅಮ್ಮ ನನ್ನ ಜಾತಕ ಬಿಚ್ಚಿದರು. "ನೀನು ಹುಟ್ಟಿದ್ದು ರಾಗಿ ಕುಯ್ಲಲ್ಲಿ. ಮೇಷ್ಟ್ರು ಜೂನ್ ಒಂದು ಅಂತ ಬರ್ಕಂಡ್ರು. ನಿಮ್ಮ ಕ್ಲಾಸಲ್ಲಿ ಯಾರು ತಾನೇ ಜೂನ್ ಒಂದು ಬಿಟ್ಟು ಹುಟ್ಟಿದ್ರು?" ನಿಜ. ಇವತ್ತಿಗೂ ಜೂನ್ 1 ಬಂತೆಂದರೆ ಫೇಸ್‌ಬುಕ್ಕು ನಮ್ಮೂರಿನ ಅರ್ಧಕ್ಕರ್ಧ ಗಂಡಸರಿಗೆ ಒಂದೇ ಉಸಿರಿಗೆ ಹುಟ್ಟುಹಬ್ಬದ ಶುಭಾಶಯ ಹೇಳುತ್ತದೆ. ಯಾರೊಬ್ಬರೂ ಅವತ್ತು ಹುಟ್ಟಿದವರಲ್ಲ. ಆಗ ವಯಸ್ಸಿನ ಪ್ರಮಾಣಪತ್ರವೆಂದರೆ ಕಿವಿ. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಒಂದನೇ ತರಗತಿ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಅಮ್ಮ ಪುಟ್ಟಿಯನ್ನು ನಿಲ್ಲಿಸಿ ಪರೀಕ್ಷೆ ಮಾಡಿದರು. ಮುಟ್ಟಿತು. "ನೋಡು, ಸಲೀಸಾಗಿ" ಎಂದು ತೋರಿಸಹೋದ ನನ್ನ ಕೈ ಅರ್ಧಕ್ಕೆ ನಿಂತು ಭುಜ ಹಿಡಿದುಕೊಂಡಿತು. ಕಿವಿ ಸಿಗಲಿಲ್ಲ. ಹನ್ನೆರಡು ವರ್ಷ ಕಂಪ್ಯೂಟರಿನ ಮುಂದೆ ಕೂತವನು ಒಂದನೇ ತರಗತಿಗೆ ಅರ್ಹನಲ್ಲವೆಂದು ತಿಳಿಯಿತು. ಹೆಂಡತಿ ಮಾತಾಡದಿದ್ದರೂ ಮುಲಾಮಿನ ಡಬ್ಬಿ ತಂದಿಟ್ಟಳು.

ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ಮನವಿ ಬರೆಯತೊಡಗಿದೆ. ಬಾಲ್ಯ, ಸಂವಿಧಾನ, ಅಧಿಕ ವರ್ಷ ಎಲ್ಲವೂ ಅದರಲ್ಲಿ ಬಂದಿದ್ದವು. ಮುಕ್ತಾಯದ ಪ್ಯಾರಾ ತಿದ್ದುತ್ತಿರುವಾಗಲೇ, ಏಪ್ರಿಲ್ 2025ರಲ್ಲಿ, ಶಿಕ್ಷಣ ಸಚಿವ ಮಧು ಬಂಗಾರಪ್ಪ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಾಗಿದ್ದರೆ ಸಾಕು ಎಂದುಬಿಟ್ಟರು. ಇಡೀ ರಾಜ್ಯದ ಪೋಷಕರು ನಿಟ್ಟುಸಿರು ಬಿಟ್ಟರು. ಅಂಥ ಮನವಿ ಓದುವವರಿಲ್ಲದೆ ಹೋಯಿತಲ್ಲ ಎಂದು ನಾನೊಬ್ಬ ಕೊರಗಿದೆ.

ಟೀ ಅಂಗಡಿಯಲ್ಲಿ ಯಾರೋ "ಆರ್‌ಟಿಇಲಿ ಹಾಕ್ಸಿ ಸಾರ್, ಕಾನ್ವೆಂಟು ಫ್ರೀ" ಅಂದರು. ರಾತ್ರಿಯೆಲ್ಲ ಕೂತು ಕಾಯ್ದೆ ಓದಿದೆ. 2009ರ ಕಾಯ್ದೆ, ಜಾರಿಗೆ ಬಂದದ್ದು ಏಪ್ರಿಲ್ 1, 2010. ಖಾಸಗಿ ಶಾಲೆಯಲ್ಲಿ ಶೇ. 25 ಸೀಟು ದುರ್ಬಲ ವರ್ಗದ, ಅವಕಾಶವಂಚಿತ ಮಕ್ಕಳಿಗೆ. ನನ್ನ ಸಂಬಳದ ಚೀಟಿ ಹಿಡಿದುಕೊಂಡು ಅದನ್ನು ಕೇಳುವಷ್ಟು ಮಾನಗೆಟ್ಟಿರಲಿಲ್ಲ; ಓದಿದ್ದು ಕೇವಲ ಜ್ಞಾನದಾಹದಿಂದ. ಕೇಳುವ ಹಕ್ಕಿದ್ದವರಿಗೂ ಈಗ ಸುಲಭವಿಲ್ಲ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಆ ಸೀಟು ಸಿಗದಂತೆ ನಮ್ಮ ರಾಜ್ಯ 2019-20ರಿಂದ ನಿಯಮ ಬದಲಿಸಿಕೊಂಡಿದೆ. ಚಿಕ್ಕ ಮಕ್ಕಳಿಗೆ ನೆರೆಹೊರೆ ಎಂದರೆ ಒಂದು ಕಿಲೋಮೀಟರ್. ಮೊಬೈಲು ಹಿಡಿದು ಮನೆಯಿಂದ ಶಾಲೆಯವರೆಗೆ ಅಳೆದೆ. ನಡುವೆ ಟೀ ಅಂಗಡಿಗೆ ತಿರುಗಿದ್ದೂ ಸೇರಿ ಕಿಲೋಮೀಟರು ತುಂಬಲಿಲ್ಲ. ಕಾನೂನಿನ ಪ್ರಕಾರ ನಾವು ಶಾಲೆಯ ಮಗ್ಗುಲಲ್ಲೇ ಇದ್ದೆವು. ಇದರ ಪರಿಣಾಮ ಮುಂದೆ ಪುಟ್ಟಿ ಅನುಭವಿಸಿದಳು.

ಪೇಟೆಯ ಕಾನ್ವೆಂಟಿಗೂ ಹೋಗಿಬಂದೆವು. ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಸೇರಿಸಿಕೊಳ್ಳುವ ಹಾಗಿಲ್ಲ, ಮಾಡಿದರೆ ಮೊದಲ ಸಲಕ್ಕೇ 25,000 ರೂಪಾಯಿವರೆಗೆ ದಂಡ ಎಂದು ಅದೇ ಕಾಯ್ದೆ ಹೇಳುತ್ತದೆ. "ಇದು ಪರೀಕ್ಷೆಯಲ್ಲ ಸಾರ್, ಸುಮ್ನೆ ಮಾತಾಡ್ಸೋದು" ಎನ್ನುತ್ತಾ ಮೇಡಮ್ಮು ಪುಟ್ಟಿಗೆ ಸೇಬಿನ ಚಿತ್ರ ತೋರಿಸಿದರು.

"ಆಪಲ್ಲು. ನಮ್ಮನೇಲಿ ಜ್ವರ ಬಂದ್ರೆ ತರ್ತಾರೆ."

"ವೆರಿ ಗುಡ್. ಅಪ್ಪ ಏನ್ ಮಾಡ್ತಾರೆ?"

"ಮನೇಲೇ ಇರ್ತಾರೆ. ಅಜ್ಜಿ ಬೈತಾ ಇರ್ತಾರೆ."

ಮೇಡಮ್ಮು ನನ್ನನ್ನು ಕನಿಕರದಿಂದ ನೋಡಿ ಫೀಸಿನ ಹಾಳೆಯನ್ನು ಮಾತ್ರ ಕನಿಕರವಿಲ್ಲದೆ ಮುಂದಿಟ್ಟರು. ಕಟ್ಟಡ ನಿಧಿ, ಸ್ಮಾರ್ಟ್ ಕ್ಲಾಸು, ವ್ಯಾನು, ಶನಿವಾರಕ್ಕೆ ಬೇರೆ ಬಿಳಿ ಶೂ. "ನಾಳೆ ಒಳಗೆ ಹೇಳ್ಬಿಡಿ, ಉಳಿದಿರೋದು ಒಂದೇ ಸೀಟು." ಒಂದೇ ಸೀಟು! ನಾನು ಇಷ್ಟು ದಿನ ಕಾದಿದ್ದ ಮಾತು ಅದು. ಕೈ ತಾನಾಗಿ ಪರ್ಸಿಗೆ ಹೋಯಿತು. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮೂರಿಗೆ ವ್ಯಾನ್ ಎಷ್ಟೊತ್ತಿಗೆ ಬರುತ್ತೆ?" ಏಳೂಕಾಲಕ್ಕಂತೆ. ನಮ್ಮ ಮನೆಯಲ್ಲಿ ಏಳೂಕಾಲಕ್ಕೆ ಎದ್ದಿರುವವರು ಅಮ್ಮ ಮತ್ತು ಹಸು. ಎಕ್ಸೆಲ್ ಹಾಳೆಯ ಅಷ್ಟೂ ಅಂಕಗಳು ಆ ಒಂದು ಪ್ರಶ್ನೆಗೆ ನೆಲ ಕಚ್ಚಿದವು.

ಮೇ ಕೊನೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೈಲು ಹಿಡಿದು ಊರ ಶಾಲೆಗೆ ಹೋದೆ. ಹೆಡ್‌ಮೇಷ್ಟ್ರು ಸ್ಟೂಲಿನ ಮೇಲೆ ನಿಂತು ಪ್ರಾರಂಭೋತ್ಸವಕ್ಕೆ ಮಾವಿನ ತೋರಣ ಕಟ್ಟುತ್ತಿದ್ದರು. ನಾನು ದಾರದ ತುದಿ ಹಿಡಿದುಕೊಂಡೇ ವಿಷಯಕ್ಕೆ ಬಂದೆ.

"ಸಾರ್, ಒಂದನೇ ತರಗತಿಗೆ ಸೀಟು..."

"ಎಷ್ಟು ಬೇಕು?"

ಅಂಗನವಾಡಿ ಟೀಚರು ಕೊಟ್ಟ ಪಟ್ಟಿಯಲ್ಲಿ ಪುಟ್ಟಿಯ ಹೆಸರು ಆಗಲೇ ಬಂದಿತ್ತಂತೆ. ಫೈಲಿನಿಂದ ಅವರು ತೆಗೆದುಕೊಂಡದ್ದು ಜನನ ಪ್ರಮಾಣಪತ್ರ, ಆಧಾರ್ ಪ್ರತಿ, ಎರಡು ಫೋಟೋ. "ದಾಖಲೆ ಇಲ್ಲ ಅಂತ ಮಗೂನ ವಾಪಸ್ ಕಳಿಸೋ ಹಾಗೇ ಇಲ್ಲ ಸಾರ್. ನೀವು ನೋಡಿದ್ರೆ ಕರೆಂಟ್ ಬಿಲ್ಲೂ ತಂದಿದೀರ." ಫೀಸು ಕೇಳಿದೆ. ಇಲ್ಲ. ಪುಸ್ತಕ, ಸಮವಸ್ತ್ರ, ಶೂ? ಅವೇ ಬರುತ್ತವೆ. ಇನ್ನೇನಾದರೂ ಕೊಡಬೇಕೆ? "ಆ ಕಡೆ ಗಂಟು ಸ್ವಲ್ಪ ಬಿಗಿಯಾಗಿ ಹಾಕಿ ಸಾರ್." ಮದುವೆಮನೆಯಲ್ಲಿ ಊಟ ಮಾಡಿ ಉಡುಗೊರೆ ಕೊಡಲು ಮರೆತು ಬಂದವನ ಹಾಗೆ ಕೈ ಕೈ ಹಿಸುಕಿಕೊಂಡೆ. ನನ್ನನ್ನು ಯಾರೂ ತಿರಸ್ಕರಿಸಲಿಲ್ಲ. ಪರೀಕ್ಷಿಸಲೂ ಇಲ್ಲ. ಅದೇ ಅವಮಾನ.

ಬಿಡಬಾರದೆಂದು ನಾನೇ ಸಂದರ್ಶನ ಶುರು ಮಾಡಿದೆ. ಶಿಕ್ಷಕರಿಗೆ ಮಕ್ಕಳ ಅನುಪಾತ ಎಷ್ಟು? ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ 30 ಮಕ್ಕಳಿಗೊಬ್ಬರು. ಅರವತ್ತರ ಒಳಗಿದ್ದರೆ ಇಬ್ಬರು. ನಮ್ಮಲ್ಲಿ ಇಪ್ಪತ್ತನಾಲ್ಕು ಮಕ್ಕಳಿಗೆ ಇಬ್ಬರು. ಬೆಂಗಳೂರಿನಲ್ಲಿ ಹನ್ನೆರಡಕ್ಕೊಬ್ಬರು ಎಂದರೆ ಬಣ್ಣದ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಲಕ್ಷಗಟ್ಟಲೆ ಕೇಳುತ್ತಾರೆ. ಇಬ್ಬರಲ್ಲಿ ಒಬ್ಬರು ತರಬೇತಿಗೋ ಗಣತಿಗೋ ಮೀಟಿಂಗಿಗೋ ಹೋಗಿರುತ್ತಾರೆ ಎಂಬುದನ್ನು ಮೇಷ್ಟ್ರು ತೋರಣದ ಕಡೆ ತಿರುಗಿಕೊಂಡು ಹೇಳಿದರು.

ಮೊದಲ ವಾರ ಕಿಟಕಿಯಿಂದ ಇಣುಕಿದೆ. ಬೆಂಚಿಲ್ಲ, ಸಾಲಿಲ್ಲ. ಒಂದು, ಎರಡು, ಮೂರನೇ ತರಗತಿಯವರೆಲ್ಲ ಒಂದೇ ಕೋಣೆಯಲ್ಲಿ ದುಂಡಗೆ ಕೂತಿದ್ದರು. ತಲೆಯ ಮೇಲೆ ಅಡ್ಡಡ್ಡ ದಾರ, ದಾರದ ತುಂಬ ಮಕ್ಕಳು ಬರೆದ ಚಿತ್ರ. ಅದಕ್ಕೆ ಮಕ್ಕಳ ಚಪ್ಪರ ಅನ್ನುತ್ತಾರೆ. ಇದು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಗಿ ಇಡೀ ರಾಜ್ಯಕ್ಕೆ ಹಬ್ಬಿದ ಪದ್ಧತಿ. ಗೋಡೆಯ ಮೇಲೆ ಕಲಿಕಾ ಏಣಿ. ಯಾವ ಮಗು ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಹತ್ತುತ್ತದೆ. ಮೊದಲನೇ ರ‍್ಯಾಂಕು ಯಾರದು ಎಂದು ಕೇಳಿದರೆ ಹೇಳುವವರಿಲ್ಲ.

ನಾನು ಪುಟ್ಟಿಗೆ ಅಷ್ಟು ಹೊತ್ತಿಗೆ 49 ಅಕ್ಷರವನ್ನೂ ಬಾಯಿಪಾಠ ಮಾಡಿಸಿದ್ದೆ. ಅಕಾರದಿಂದ ಳಕಾರದವರೆಗೆ ಉಸಿರುಗಟ್ಟಿ ಒಪ್ಪಿಸುತ್ತಿದ್ದಳು. ಸಂಜೆ ಬಂದವಳು ಸ್ಲೇಟಿನ ಮೇಲೆ 'ರ' ಬರೆದಳು. ಆಮೇಲೆ 'ಗ'. ಆಮೇಲೆ 'ಸ', 'ದ', ಕೊನೆಗೆ 'ಅ'. ನನ್ನ ಎದೆ ಧಸಕ್ಕೆಂದಿತು. "ಅ ಮೊದಲು ಕಣಮ್ಮ!" "ನಮ್ ಸ್ಕೂಲಲ್ಲಿ ರ ಮೊದಲು." ಮರುದಿನವೇ ದೂರು ಹೇಳಲು ಹೋದೆ. ಮೇಷ್ಟ್ರು ಪಕ್ಕದಲ್ಲಿದ್ದ ಕುರಿ ಕಾಯುವವರ ಮನೆಯ ಹುಡುಗನನ್ನು ಕರೆದು, ಕಲಿತ ಐದೇ ಅಕ್ಷರದಲ್ಲಿ ಏನಾದರೂ ಬರಿಯೋ ಅಂದರು. ಅವನು ಗೋಡೆಯ ಕೆಳಹಲಗೆಯ ಮೇಲೆ ಸರ, ಅರಸ, ಅಗಸ ಬರೆದು, ನನ್ನ ಮುಖ ನೋಡಿ, ಗರಗಸ ಅಂತಲೂ ಬರೆದ. ನಲವತ್ತೊಂಬತ್ತು ಅಕ್ಷರದ ಒಡತಿ ಅದನ್ನು ಓದಲಾಗದೆ ನನ್ನ ಪಂಚೆ ಹಿಡಿದುಕೊಂಡಳು. ಸುಲಭದ, ಒಂದಕ್ಕೊಂದು ಹೊಂದುವ ಅಕ್ಷರ ಮೊದಲು ಕಲಿಸಿದರೆ ಮಗು ಅದೇ ವಾರ ಪದ ಓದುತ್ತದೆ ಎಂದು ಮೇಷ್ಟ್ರು ನನಗೆ ಬಿಡಿಸಿ ಹೇಳಿದರು. ಆ ಹುಡುಗ ನಾನು ಅರ್ಥ ಮಾಡಿಕೊಳ್ಳುವವರೆಗೆ ಕಾದು ನಿಂತಿದ್ದ.

ಊಟದ ವಿಷಯ ಹೆಚ್ಚು ಹೇಳದಿರುವುದು ವಾಸಿ. ಮನೆಯಲ್ಲಿ ಸಾರಿನಿಂದ ಕ್ಯಾರೆಟ್ಟು ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುವ ಹುಡುಗಿ ಶಾಲೆಯ ಬಿಸಿಯೂಟದಲ್ಲಿ ಎರಡನೇ ಸಲ ಹಾಕಿಸಿಕೊಳ್ಳುತ್ತಾಳೆಂದು ಗೊತ್ತಾದ ದಿನ ಹೆಂಡತಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ನೆಟ್‌ವರ್ಕಿನ ಸಮಸ್ಯೆ ಬಂತು. ಶಾಲೆ ಇರುವುದು ಕೆರೆಯ ಏರಿಯ ಕೆಳಗೆ, ತಗ್ಗಿನಲ್ಲಿ. ಸ್ಯಾಟ್ಸ್ ತಂತ್ರಾಂಶಕ್ಕೆ ಮಕ್ಕಳ ವಿವರ ಏರಿಸಬೇಕು, ಊಟ ಮಾಡಿದವರ ಲೆಕ್ಕ, ಹಾಲು ಮೊಟ್ಟೆಯ ಲೆಕ್ಕ ಕಳಿಸಬೇಕು. ಸಿಗ್ನಲ್ಲು ಒಂದು ಕಡ್ಡಿಯ ಮೇಲೆ ಏಳುವುದಿಲ್ಲ. ಊರಿನಲ್ಲಿ ಫೈಬರ್ ಇಂಟರ್‌ನೆಟ್ ಇರುವುದು ನಮ್ಮ ಮನೆಗೆ ಮಾತ್ರ. "ಬನ್ನಿ ಸಾರ್, ನಮ್ಮ ಜಗಲಿಯಲ್ಲೇ ಕೂತ್ಕೊಳ್ಳಿ" ಎಂದು ನಾನೇ ದೊಡ್ಡ ಮನಸ್ಸು ಮಾಡಿ ಕರೆದೆ. ಈಗ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಲ್ಯಾಪ್‌ಟಾಪ್ ಸಮೇತ ಬಂದು ಕೂರುತ್ತಾರೆ. ಅಮ್ಮ ಕಾಫಿ ಕೊಟ್ಟು, "ನಮ್ಮ ಹುಡುಗಿ ಇವತ್ತು ಹೆಂಗೆ ಮೇಷ್ಟ್ರೇ?" ಎಂದು ಕೇಳುತ್ತಾರೆ. ಮೇಷ್ಟ್ರು ಸುಳ್ಳು ಹೇಳುವವರಲ್ಲ. ಪಕ್ಕದವಳ ಬಳಪ ಮುರಿದದ್ದು, ಪ್ರಾರ್ಥನೆಯಲ್ಲಿ ಹಿಂದೆ ತಿರುಗಿ ನಕ್ಕದ್ದು, ಎಲ್ಲವೂ ಬಿಸಿಬಿಸಿಯಾಗಿ ವರದಿಯಾಗುತ್ತದೆ. ಪುಟ್ಟಿ ಅಷ್ಟು ಹೊತ್ತೂ ಒಳಮನೆಯ ಮಂಚದ ಕೆಳಗಿರುತ್ತಾಳೆ.

ಮೊನ್ನೆ ಮೇಷ್ಟ್ರ ಬೈಕಿನ ಸದ್ದು ಏರಿ ದಾಟಿದ ಮೇಲೆ ಹೊರಬಂದಳು. ಮೈತುಂಬ ಧೂಳು.

"ಅಪ್ಪ, ಆ ವ್ಯಾನ್ ಸ್ಕೂಲಿನ ಮಿಸ್ ಮನೆ ಎಲ್ಲಿ?"

"ಪೇಟೇಲಿ."

"ಅವರು ನಮ್ಮನೆಗೆ ಕಾಫಿಗೆ ಬರ್ತಾರಾ?"

"ಅವರ್ಯಾಕೆ ಬರ್ತಾರಮ್ಮ?"

"ಹಂಗಾದ್ರೆ ನನ್ನ ಅಲ್ಲಿಗೇ ಹಾಕು. ಏಳೂಕಾಲಕ್ಕೆ ನಾನೇ ಎದ್ದೇಳ್ತೀನಿ."